ತಾರಸಿಯಲ್ಲಿ ಹಿಡಿದ ಮೋಡಗಳು

ಎರಡು ಅಲ್ಯುಮಿನಿಯಂ ಕಡ್ಡಿಗಳನ್ನು ತಲಾ 53.4 ಸೆಂಟಿಮೀಟರಿಗೆ ಕತ್ತರಿಸಿ, 120 ಡಿಗ್ರಿ ಅಗಲಿಸಿ ಮರದ ಪಟ್ಟಿಗೆ ಬಿಗಿದೆ. ಅದೇ ನನ್ನ ಆಂಟೆನಾ. ತಾರಸಿಯಲ್ಲಿ ಅದನ್ನು ಉತ್ತರ-ದಕ್ಷಿಣವಾಗಿ ಮಲಗಿಸಿ, ಕೇಬಲ್‌ನ ಇನ್ನೊಂದು ತುದಿಯನ್ನು ರೇಡಿಯೋ ಹಿಡಿಯುವ ಯುಎಸ್‌ಬಿ ಡಾಂಗಲ್ ಮೂಲಕ ಲ್ಯಾಪ್‌ಟಾಪ್‌ಗೆ ಸೇರಿಸಿದೆ. ಅಮೆರಿಕದ ಎನ್‌ಒಎಎ-19 ಹವಾಮಾನ ಉಪಗ್ರಹ 137.1 ಮೆಗಾಹರ್ಟ್ಸ್‌ನಲ್ಲಿ ಬಿತ್ತರಿಸುತ್ತಿದ್ದ ಚಿತ್ರ ಹಿಡಿಯಲು ಇಷ್ಟು ಸಾಕಿತ್ತು. ಯಾರ ಅನುಮತಿಯೂ ಬೇಕಿರಲಿಲ್ಲ, ಗುಪ್ತ ಸಂಕೇತವೂ ಇರಲಿಲ್ಲ.

ಮೊದಲ ದಿನ ಉಪಗ್ರಹದ ಸಿಗ್ನಲ್‌ನ ಟಿಕ್-ಟಾಕ್ ಸದ್ದು ಚೆನ್ನಾಗಿಯೇ ಕೇಳಿಸಿತು, ಚಿತ್ರ ಮಾತ್ರ ಬರೀ ಕಲೆ. ರೇಡಿಯೋದಲ್ಲಿ ಮಾತು ಕೇಳುವಾಗ ಇಡುವ 12.5 ಕಿಲೋಹರ್ಟ್ಸ್ ತರಂಗಪಟ್ಟಿಯ ಅಗಲವನ್ನೇ ಉಳಿಸಿದ್ದೆ. ಈ ಸಿಗ್ನಲ್‌ಗೆ 40ರಷ್ಟು ಬೇಕು. ಸರಿಪಡಿಸಿ ಉಪಗ್ರಹದ ಮುಂದಿನ ಸುತ್ತಿಗೆ ಕಾದೆ. ಈ ಸಲ ಸೆಕೆಂಡಿಗೆ ಎರಡು ಗೆರೆಯಂತೆ ಮೋಡ ಪರದೆಗೆ ಇಳಿಯಿತು. ಆಮೇಲೆ ಕರಾವಳಿಯ ಅಂಚು ಮೂಡಿದಾಗ ಕೈ ನಡುಗಿತ್ತು.

ಇಷ್ಟೆಲ್ಲ ಕೊಡುವ ಈ ಉಪಗ್ರಹದಲ್ಲಿ ಇನ್ನೇನಿದೆ ಎಂದು ಹುಡುಕಲು ಕೂತೆ. ವಾತಾವರಣದ ತೇವ ಅಳೆಯುವ ಎಂಎಚ್‌ಎಸ್ ಉಪಕರಣ ಯುರೋಪಿನ ಹವಾಮಾನ ಉಪಗ್ರಹ ಸಂಸ್ಥೆ ಯುಮೆಟ್‌ಸ್ಯಾಟ್ ಕೊಟ್ಟದ್ದು. ಸಮುದ್ರದ ತೇಲುಬುರುಡೆಗಳ ಅಳತೆಗಳನ್ನು ಕೂಡಿಸುವ ಆರ್ಗೋಸ್ ಫ್ರಾನ್ಸಿನದು. ಅಪಾಯಕ್ಕೆ ಸಿಕ್ಕ ಹಡಗು, ವಿಮಾನಗಳ ಕರೆ ಆಲಿಸುವ ಉಪಕರಣಗಳು ಕೆನಡಾ ಮತ್ತು ಫ್ರಾನ್ಸಿನವು. ಈ ಜೀವರಕ್ಷಣಾ ವ್ಯವಸ್ಥೆ, ಕಾಸ್ಪಸ್-ಸಾರ್‌ಸ್ಯಾಟ್, ಶೀತಲ ಸಮರದ ನಡುವೆಯೇ ಅಮೆರಿಕ, ಸೋವಿಯತ್ ಒಕ್ಕೂಟ, ಕೆನಡಾ, ಫ್ರಾನ್ಸ್ ಸೇರಿ ಕಟ್ಟಿದ್ದು. 1982ರಲ್ಲೇ ಅದು ಜೀವ ಉಳಿಸಿತು. ಇದನ್ನು ಓದಿದ ಮೇಲೆ ಆ ಟಿಕ್-ಟಾಕ್ ನನಗೆ ಬೇರೆಯಾಗಿಯೇ ಕೇಳಿಸತೊಡಗಿತು.

ಕೊಡುವುದು ಎರಡೂ ಕಡೆಯಿಂದ ನಡೆದಿತ್ತು. 2006ರಲ್ಲಿ ಹಾರಿದ ಯುರೋಪಿನ ಮೆಟಾಪ್-ಎ ಹವಾಮಾನ ಉಪಗ್ರಹದ ಮೇಲೆ ಮೋಡ ನೋಡುವ ಅಮೆರಿಕದ ಎವಿಎಚ್‌ಆರ್‌ಆರ್ ಉಪಕರಣ ಕೂತಿತ್ತು. ಬೆಳಗಿನ ಹೊತ್ತು ಹಾದುಹೋಗುವ ಕಕ್ಷೆ ಯುರೋಪಿಗೆ, ಮಧ್ಯಾಹ್ನದ್ದು ಅಮೆರಿಕಕ್ಕೆ ಎಂದು 1998ರಲ್ಲೇ ಒಪ್ಪಂದವಾಗಿತ್ತು. ನನಗೆ ಇನ್ನೂ ಹೆಚ್ಚು ತಟ್ಟಿದ್ದು 2003ರ ಸಂಗತಿ: ಜಪಾನಿನ ಹವಾಮಾನ ಉಪಗ್ರಹ ಸೋತು ಹೋಗಿ, ಹೊಸದು ತಡವಾದಾಗ, ಅಮೆರಿಕ ತನ್ನ ಗೋಸ್-9 ಉಪಗ್ರಹವನ್ನು ಪೆಸಿಫಿಕ್‌ನ ಪಶ್ಚಿಮಕ್ಕೆ ಸರಿಸಿಕೊಟ್ಟಿತು. ಚಂಡಮಾರುತಗಳ ಆ ಪ್ರದೇಶ ಕಣ್ಣಿಲ್ಲದೆ ಉಳಿಯಲಿಲ್ಲ.

2025ರ ಆಗಸ್ಟಿನಲ್ಲಿ ಎನ್‌ಒಎಎ-19 ಅನ್ನು ಕಾಯಂ ಆಗಿ ಸ್ಥಗಿತಗೊಳಿಸಿದರು. ಅದೇ ತಿಂಗಳು ಎನ್‌ಒಎಎ-15 ಕೂಡ ಹೋಯಿತು. 137.1ಕ್ಕೆ ಟ್ಯೂನ್ ಮಾಡಿದರೆ ಈಗ ಆ ಟಿಕ್-ಟಾಕ್ ಇಲ್ಲ, ಅದು ನನಗೆ ನಿಜವಾದ ನೋವು. ರಷ್ಯಾದ ಮೆಟಿಯೋರ್-ಎಂ ಉಪಗ್ರಹಗಳು ಅದೇ ತರಂಗಪಟ್ಟಿಯಲ್ಲಿ ಡಿಜಿಟಲ್ ಚಿತ್ರ ಕಳಿಸುತ್ತಿವೆ, ಅವೂ ಎಲ್ಲರಿಗೂ ಮುಕ್ತ. ಸಾಫ್ಟ್‌ವೇರ್ ಬೇರೆ ಹಾಕಿಕೊಂಡೆ. ತಾರಸಿಯ ಕಡ್ಡಿಗಳು ಅವೇ.