ಬ್ರಾಯ್‌ಗೆ ಕರೆದರೆ ಬಟರ್‌ನಟ್ ಹಿಡಿದು ಹೋಗಿ

ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್, ಪ್ರಿಟೋರಿಯಾ ಕಡೆ ಹೊಸದಾಗಿ ಬಂದಿದ್ದೀರಾ? ಇವತ್ತಲ್ಲ ನಾಳೆ ಯಾರಾದರೂ ಬ್ರಾಯ್‌ಗೆ, ಅಂದರೆ ಕೆಂಡದ ಮೇಲೆ ಮಾಂಸ ಸುಟ್ಟು ತಿನ್ನುವ ಕೂಟಕ್ಕೆ, ಕರೆದೇ ಕರೆಯುತ್ತಾರೆ. ಅದರಲ್ಲೂ ಸೆಪ್ಟೆಂಬರ್ 24ರ ಹೆರಿಟೇಜ್ ಡೇ ರಜೆಯ ದಿನ ಊರೆಲ್ಲ ಕೆಂಡದ ಹೊಗೆ. 'ಬ್ರಿಂಗ್ ಅಂಡ್ ಬ್ರಾಯ್' ಅಂದರೆ ನಿಮ್ಮ ಪಾಲಿನದ್ದು ನೀವೇ ಒಯ್ಯಬೇಕು. ಮಾಂಸ ತಿನ್ನದವರು ಸುಮ್ನೆ ಸಲಾಡ್ ತಿಂದು ಬರಬೇಕಿಲ್ಲ. ಒಂದು ಟ್ರೇ ಹುರಿದ ಬಟರ್‌ನಟ್ ಒಯ್ಯಿರಿ. ಇಲ್ಲಿನ ಮನೆಗಳಲ್ಲಿ ಭಾನುವಾರದ ಊಟಕ್ಕೂ ಅದು ಇದ್ದದ್ದೇ.

ಬಟರ್‌ನಟ್ ನಮ್ಮ ಸಿಹಿಗುಂಬಳದ ನೆಂಟ. ಚೆಕರ್ಸ್, ಪಿಕ್ ಎನ್ ಪೇ, ಯಾವ ಸೂಪರ್‌ಮಾರ್ಕೆಟ್‌ಗೆ ಹೋದರೂ ಸಿಗುತ್ತದೆ. ಕತ್ತು ದಪ್ಪಗೆ, ಉದ್ದಕ್ಕೆ ಇರುವುದನ್ನು ಆರಿಸಿ. ಬೀಜವೆಲ್ಲ ಕೆಳಗಿನ ಬುರುಡೆಯಲ್ಲೇ, ಕತ್ತು ಪೂರ್ತಿ ತಿರುಳು. ಹೆಚ್ಚಿಟ್ಟ ಪ್ಯಾಕೆಟ್ಟೂ ಇದೆ, ಬೆಲೆ ಜಾಸ್ತಿ. ಆದರೆ ಸಿಪ್ಪೆ ತೆಗೆಯುವಾಗ ಸೊನೆ ಅಂಟಿ ಕೈ ಬಿಗಿದುಕೊಳ್ಳುತ್ತದಲ್ಲ, ಆ ರಗಳೆ ತಪ್ಪುತ್ತದೆ. ಎಳೆಯದಾದರೆ ಸಿಪ್ಪೆ ಸಮೇತ ಹುರಿದರೂ ತಿನ್ನಬಹುದು.

ಎರಡು ಬೆರಳಗಲದ ಹೋಳು ಮಾಡಿ. ಎಣ್ಣೆ, ಉಪ್ಪು, ಚಿಟಿಕೆ ದಾಲ್ಚಿನ್ನಿ ಪುಡಿ, ಒಂದು ಚಮಚ ಕಂದು ಸಕ್ಕರೆ ಇಲ್ಲವೇ ಜೇನು ಸವರಿ. 200 ಡಿಗ್ರಿ ಅವನ್‌ನಲ್ಲಿ 35-40 ನಿಮಿಷ, ನಡುವೆ ಒಮ್ಮೆ ಮಗುಚಿ. ಹೋಳುಗಳು ಒಂದಕ್ಕೊಂದು ತಾಗದಂತೆ ಹರಡುವುದೇ ಇಲ್ಲಿ ಮುಖ್ಯ. ಒತ್ತೊತ್ತಾಗಿ ತುಂಬಿದರೆ ನೀರು ಬಿಟ್ಟುಕೊಂಡು ಬೇಯುತ್ತವೆ, ಹುರಿಯುವುದಿಲ್ಲ. ಅಂಚು ಕಪ್ಪಗಾಗಿ, ತಳದಲ್ಲಿ ಸಕ್ಕರೆ ಜಿನುಗಿ ಅಂಟಂಟಾದಾಗ ತೆಗೆಯಿರಿ. ಮೇಲೆ ಫೆಟಾ ಚೀಸ್ ಉದುರಿಸುವವರು ಬಹಳ. ಉಪ್ಪು-ಸಿಹಿ ಸೇರಿ ಚೆನ್ನಾಗಿರುತ್ತದೆ. ಆದರೆ ದಾಲ್ಚಿನ್ನಿ ಜಾಸ್ತಿ ಹಾಕಬೇಡಿ, ಊಟ ಹೋಗಿ ಸಿಹಿತಿಂಡಿ ಆಗುತ್ತದೆ. ನನಗಂತೂ ಸಕ್ಕರೆ ಬಿಟ್ಟು ಜೀರಿಗೆ, ಒಣಮೆಣಸಿನ ತರಿ ಹಾಕಿದ್ದೇ ಇಷ್ಟ.

ಕೆಂಡದಲ್ಲೇ ಮಾಡುವುದಾದರೆ ಉದ್ದಕ್ಕೆ ಸೀಳಿ, ಬೀಜ ತೆಗೆದು, ಬೆಣ್ಣೆ ಸವರಿ, ಫಾಯಿಲ್‌ನಲ್ಲಿ ಬಿಗಿಯಾಗಿ ಸುತ್ತಿ ಒಂದು ಬದಿಗಿಡಿ. ಮುಕ್ಕಾಲು ಗಂಟೆ ಬೇಕಾದೀತು. ಫಾಯಿಲ್ ಬಿಡಬೇಡಿ. ಅದೇ ಜಾಲರಿಯ ಮೇಲೆ ಬೂರವೋರ್ಸ್ ಎಂಬ ಮಾಂಸದ ಸಾಸೇಜ್ ಸುಡುತ್ತಿರುತ್ತದೆ, ಅದರಲ್ಲಿ ಸಾಮಾನ್ಯವಾಗಿ ದನದ ಮಾಂಸ ಇರುತ್ತದೆ. ಕೋಳಿಯೂ ತಿನ್ನುವುದಿಲ್ಲ ಅಂತ ಮೊದಲೇ ಬಿಡಿಸಿ ಹೇಳಿಬಿಡಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಜೊತೆಗೆ ಪಾಪ್ (ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಗಂಜಿ) ಮತ್ತು ಚಕಲಕಾ (ತರಕಾರಿ ಗೊಜ್ಜು) ಇದ್ದರೆ ಹೊಟ್ಟೆ ತುಂಬುತ್ತದೆ. ಚಕಲಕಾದಲ್ಲಿ ಬೀನ್ಸ್, ಕ್ಯಾರೆಟ್, ಖಾರ ಎಲ್ಲ ಇರುತ್ತದೆ, ನಮ್ಮ ನಾಲಿಗೆಗೆ ಬೇಗ ಹಿಡಿಸುತ್ತದೆ.

ಉಳಿದದ್ದನ್ನು ಮರುದಿನ ಹುಳಿಗೆ ಹಾಕಿ, ಬೇಳೆ ಬೆಂದ ಮೇಲೆ ಕೊನೆಯಲ್ಲಿ. ಮೊದಲೇ ಹಾಕಿದರೆ ಕರಗಿಹೋಗುತ್ತದೆ.