ಕೂಲಿ ಅವಳ ಕೈಗೇ ಕೊಡಿ

ಅಡಿಕೆ ಸುಲಿತ ಶುರುವಾಗಿದೆ, ಎಲ್ಲರ ಮನೆಗೂ ಹೆಣ್ಣಾಳುಗಳು ಬರುತ್ತಿದ್ದಾರೆ. ಅವರಲ್ಲಿ ಮನೆಯಲ್ಲಿ ಗಂಡನಿಂದ ಏಟು ತಿನ್ನುವವರೂ ಇರಬಹುದು. ಅದಕ್ಕೇ ಈಗಲೇ ಹೇಳುತ್ತಿದ್ದೇನೆ.

ಹೋದ ವರ್ಷ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಒಬ್ಬಳು ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತು ಒದ್ದಾಡುತ್ತಿದ್ದಳು. ಬಲಗೈ ಮಣಿಕಟ್ಟು ಊದಿತ್ತು. "ಜಾರಿ ಬಿದ್ದೆ ಅಮ್ಮಾ" ಅಂದಳು. ಗಂಡನ ಫೋನ್ ಬಂದಾಗೆಲ್ಲ ಕೈ ನಡುಗುತ್ತಿತ್ತು, ಕತ್ತಿಯ ಮೇಲೆ. ನಾನೋ, ಕೆಲಸ ನಿಧಾನ ಅಂತ ಗದರಿಬಿಟ್ಟೆ. ಆ ಸಂಕಟ ಇನ್ನೂ ಹೋಗಿಲ್ಲ.

ನಿಮ್ಮಲ್ಲಿಗೆ ಬರುವವಳು ಹೀಗೆ ಕಂಡರೆ ಎಲ್ಲರೆದುರು ಕೇಳಬೇಡಿ. ಹಿತ್ತಿಲಿಗೆ ಕರೆದು "ಮನೆಯಲ್ಲಿ ಏನಾದ್ರೂ ತೊಂದರೆಯಾ?" ಅಂತ ಒಂದೇ ಸಲ ಕೇಳಿ, ಆಮೇಲೆ ಸುಮ್ನಿರಿ. ಹೇಳುವಾಗ ಹೇಳುತ್ತಾಳೆ. ಗಂಡ ಬಂದು ಕೇಳಿದರೂ ಕೂಲಿ ಅವನಿಗೆ ಕೊಡಬೇಡಿ. ಆಸ್ಪತ್ರೆ, ಕೋರ್ಟು ಅಂತ ರಜೆ ಜಾಸ್ತಿಯಾದರೂ ಕೆಲಸದಿಂದ ತೆಗೆಯಬೇಡಿ, ಆ ಕೂಲಿ ಬಿಟ್ಟರೆ ಅವಳಿಗೆ ಬೇರೆ ಆಧಾರ ಏನಿದೆ? ಗಂಡನನ್ನು ಕರೆಸಿ ರಾಜಿ ಪಂಚಾಯಿತಿಯಂತೂ ಬೇಡವೇ ಬೇಡ. ರಾತ್ರಿ ಏಟು ಬೀಳುವುದು ಅವಳಿಗೇ ಅಲ್ವಾ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ, ಗಂಡ ಅವಳ ಕೆಲಸದ ಜಾಗಕ್ಕೂ ಕಾಲಿಡಬಾರದು ಅಂತ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಶಿವಮೊಗ್ಗದಲ್ಲಿ ಅಂಗಡಿ, ಗಾರ್ಮೆಂಟ್ಸ್ ನಡೆಸುವವರೂ ಇದನ್ನು ತಿಳಿದಿರಿ. ಅರ್ಜಿ ಹಾಕಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು ಕಾಣಬಹುದು. ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ.

ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಅವಳ ಮೊಬೈಲನ್ನು ಗಂಡ ನೋಡುತ್ತಿರಬಹುದು. ನಿಮ್ಮ ಫೋನಿಂದಲೇ ಮಾಡಿಸಿ.