ಇಬ್ಬರು ಜೋಸೆಫರ ನಡುವೆ: ಒಂದು ಅಕೇಡಿಯನ್ ವಂಶಾವಳಿಯನ್ನು ಹುಡುಕಿದ ಅನುಭವ

ನನ್ನ ಹೆಂಡತಿ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮೆಮ್ರಮ್‌ಕುಕ್ ಕಣಿವೆಯ ಅಕೇಡಿಯನ್ ಮನೆತನದವಳು; ಅಕೇಡಿಯನ್ನರೆಂದರೆ ಕೆನಡಾದ ಪೂರ್ವ ಕರಾವಳಿಯಲ್ಲಿ ಹಿಂದೆ ನೆಲೆಸಿದ ಫ್ರೆಂಚರ ಸಂತತಿ. ತವರಿನ ಅಡ್ಡಹೆಸರು ಲೆಬ್ಲಾಂ. ಹಾವೇರಿ ಕಡೆಯಿಂದ ಬಂದು ಮಾಂಕ್ಟನ್ನಿನಲ್ಲಿ ನೆಲೆಸಿದ ನನಗೆ ಆ ಮನೆಯಲ್ಲಿ ಮೊದಲು ಹಿಡಿಸಿದ್ದು ಮಾವನವರು ತಮ್ಮ ಗುರುತು ಹೇಳಿಕೊಳ್ಳುತ್ತಿದ್ದ ರೀತಿ. ಊರಿನ ಹಿರಿಯರ ಮುಂದೆ ಅವರು ಅಡ್ಡಹೆಸರನ್ನು ಎತ್ತುತ್ತಲೇ ಇರಲಿಲ್ಲ. ಇಂಥವರ ಮಗ, ಇಂಥವರ ಮೊಮ್ಮಗ ಎಂದು ಫ್ರೆಂಚಿನ ‘ಆ’ ಎಂಬ ಒಂದೇ ಅಕ್ಷರದಿಂದ ಮೂರು ತಲೆಮಾರಿನ ಹೆಸರುಗಳನ್ನು ಪೋಣಿಸಿಬಿಡುತ್ತಿದ್ದರು. ಊರ ತುಂಬ ಲೆಬ್ಲಾಂಗಳೇ ಇರುವಾಗ ಅಡ್ಡಹೆಸರಿನಿಂದ ಯಾರ ಗುರುತೂ ಸಿಗುವುದಿಲ್ಲ. ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಎತ್ತಿನ ಮೇಲೆ ಬರುತ್ತಿದ್ದ ಹೆಳವರು ನಮ್ಮ ಹಿರಿಯರ ಹೆಸರುಗಳನ್ನು ಹೀಗೆಯೇ ಒಂದೇ ಉಸಿರಿನಲ್ಲಿ ಹೇಳುತ್ತಿದ್ದುದು ನೆನಪಾಗಿ, ಈ ಸರಪಳಿ ಎಲ್ಲಿಯವರೆಗೆ ಹೋಗುತ್ತದೆಂದು ನೋಡುವ ಆಸೆ ನನಗೆ ಹುಟ್ಟಿತು.

ಮಾವನವರ ಬಳಿ ಇದಕ್ಕೆ ಸಿದ್ಧ ಉತ್ತರವಿತ್ತು. ತಾವು ನೋವಾ ಸ್ಕೋಷಿಯಾದ ಗ್ರಾಂ ಪ್ರೇ ಎಂಬ ಅಕೇಡಿಯನ್ ಊರಿನ ನೋಟರಿ ರೆನೆ ಲೆಬ್ಲಾಂನ ನೇರ ಸಂತತಿ ಎಂದು ಅವರು ನಂಬಿದ್ದರು. 1755ರಲ್ಲಿ ಬ್ರಿಟಿಷರು ಅಕೇಡಿಯನ್ನರನ್ನು ನೋವಾ ಸ್ಕೋಷಿಯಾದಿಂದ ಹಡಗುಗಳಲ್ಲಿ ತುಂಬಿ ಗಡೀಪಾರು ಮಾಡಿದಾಗ ಈ ವೃದ್ಧ ನೋಟರಿಯ ಕುಟುಂಬವೂ ಚೆಲ್ಲಾಪಿಲ್ಲಿಯಾಯಿತು. ಆತನ 20 ಮಕ್ಕಳೂ ಸುಮಾರು 150 ಮೊಮ್ಮಕ್ಕಳೂ ಬೇರೆ ಬೇರೆ ವಸಾಹತುಗಳಿಗೆ ಹಂಚಿಹೋದರೆಂದು ಫಿಲಡೆಲ್ಫಿಯಾದ ಅಕೇಡಿಯನ್ನರು ಇಂಗ್ಲೆಂಡಿನ ರಾಜನಿಗೆ ಬರೆದ ಮನವಿಯಲ್ಲಿದೆ. ಇಂಥ ಹಿರಿಯ ನಮ್ಮವನಾಗಲಿ ಎಂದು ಯಾರಿಗೆ ಅನ್ನಿಸದು? ಅಂತರ್ಜಾಲದಲ್ಲಿ ಯಾರೋ ಏರಿಸಿದ್ದ ಒಂದು ವಂಶವೃಕ್ಷವೂ ಅದನ್ನೇ ಹೇಳುತ್ತಿತ್ತು. ಅದನ್ನು ಇದ್ದಂತೆಯೇ ನಕಲು ಮಾಡಿಕೊಂಡು ಆರಂಭಿಸಿದ್ದು ನನ್ನ ಮೊದಲ ತಪ್ಪು. ಆಧಾರ ಹುಡುಕುತ್ತಾ ಹೋದಾಗ ಆ ವೃಕ್ಷದ ನಡುವಿನ ಎರಡು ಕೊಂಬೆಗಳಿಗೆ ಯಾವ ದಾಖಲೆಯೂ ಇರಲಿಲ್ಲ.

ಎಲ್ಲವನ್ನೂ ಬದಿಗಿಟ್ಟು ಮಾವನವರ ಜನನ ಪ್ರಮಾಣಪತ್ರದಿಂದ ಹಿಂದಕ್ಕೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋದೆ. ಮೊದಲ ನಾಲ್ಕು ತಲೆಮಾರು ಚರ್ಚಿನ ದಾಖಲೆಗಳಲ್ಲಿಯೂ ಜನಗಣತಿಯಲ್ಲಿಯೂ ಸಲೀಸಾಗಿ ಸಿಕ್ಕಿದವು. ಫ್ರೆಂಚ್ ಕ್ಯಾಥೊಲಿಕ್ ದಾಖಲೆಗಳಲ್ಲಿ ಹೆಣ್ಣುಮಕ್ಕಳು ಮದುವೆಯಾದ ಮೇಲೂ, ಸತ್ತ ಮೇಲೂ ತವರಿನ ಹೆಸರಿನಲ್ಲಿಯೇ ಉಳಿಯುತ್ತಾರೆ. ಗಂಡಸರೆಲ್ಲ ಪಿಯೆರ್, ಜ್ಯಾಂ, ಜೋಸೆಫ್ ಆಗಿರುವ ಊರಿನಲ್ಲಿ ಸಂಸಾರಗಳನ್ನು ಬೇರ್ಪಡಿಸುವುದು ಹೆಂಡತಿಯ ತವರಿನ ಹೆಸರೊಂದೇ ಎಂಬುದು ನನಗೆ ಅಲ್ಲಿಯೇ ಮನದಟ್ಟಾಯಿತು. ಅಲ್ಲಿಂದ ಮುಂದೆ ನನ್ನ ಟಿಪ್ಪಣಿಗಳಲ್ಲಿ ಪ್ರತಿಯೊಂದು ಸಂಸಾರವನ್ನೂ ಹೆಂಡತಿಯ ಹೆಸರಿನಡಿಯಲ್ಲಿಯೇ ಬರೆದಿಟ್ಟುಕೊಂಡೆ.

ಕೈಬರಹದ ವಿಷಯದಲ್ಲಿ ಒಂದು ಮುಗ್ಗರಿಕೆಯನ್ನು ಹೇಳಲೇಬೇಕು. ಒಂದು ಮಗುವಿನ ದೀಕ್ಷಾಸ್ನಾನದ ತಾರೀಖಿನಲ್ಲಿ ಪಾದ್ರಿಯು ತಿಂಗಳ ಹೆಸರನ್ನು 7 ಎಂಬ ಅಂಕಿ ಮತ್ತು ‘ಬ್ರ’ ಎಂಬ ಬಾಲದಿಂದ ಸೂಚಿಸಿದ್ದರು. ಏಳನೇ ತಿಂಗಳು ಜುಲೈ ಎಂದು ನಾನು ಬರೆದುಕೊಂಡೆ. ಹಿಂದಿನ ಮಗು ಹುಟ್ಟಿದ್ದು ಅದರ ಮುಂಚಿನ ನವೆಂಬರಿನಲ್ಲಿ. ಎಂಟೇ ತಿಂಗಳಲ್ಲಿ ಇನ್ನೊಂದು ಮಗುವೇ ಎಂದು ಸಂಶಯಪಟ್ಟು ಒಂದೇ ಸಂಸಾರವನ್ನು ಎರಡಾಗಿ ಸೀಳಿ, ಇಲ್ಲದ ಎರಡನೆಯ ತಂದೆಯನ್ನು ಹುಡುಕುವುದರಲ್ಲಿ ಒಂದು ಚಳಿಗಾಲವನ್ನೇ ಕಳೆದೆ. ಆ ಬರವಣಿಗೆ ಸೆಪ್ಟಂಬರಿನ ಸಂಕ್ಷೇಪ. ಫ್ರೆಂಚಿನಲ್ಲಿ ಏಳಕ್ಕೂ ಆ ತಿಂಗಳ ಹೆಸರಿನ ಮೊದಲ ಭಾಗಕ್ಕೂ ಇರುವ ಕಾಗುಣಿತ ಒಂದೇ. ಅದೇ ರೀತಿಯಲ್ಲಿ 8 ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತು ಡಿಸೆಂಬರ್.

ನಿಜವಾದ ತೊಡಕು ಎದುರಾದದ್ದು 19ನೇ ಶತಮಾನದ ಆರಂಭದ ಒಂದು ಮದುವೆಯಲ್ಲಿ. ವರ ಜೋಸೆಫ್ ಲೆಬ್ಲಾಂ, ತಂದೆ ಪಿಯೆರ್. ತಾಯಿಯ ಹೆಸರಿದ್ದ ಜಾಗದಲ್ಲಿ ಹಾಳೆ ಮಡಿಸಿ ಶಾಯಿ ಹರಡಿ ‘ಮರಿ’ ಎಂಬಷ್ಟು ಮಾತ್ರ ಓದಲು ಬರುತ್ತಿತ್ತು. ಆ ಕಣಿವೆಯಲ್ಲಿ ಹೆಚ್ಚುಕಡಿಮೆ ಒಂದೇ ವಯಸ್ಸಿನ, ಪಿಯೆರ್ ಮತ್ತು ಮರಿಯರ ಮಗನಾದ ಜೋಸೆಫ್ ಲೆಬ್ಲಾಂ ಇಬ್ಬರಿದ್ದರು. ಒಬ್ಬನು ನೋಟರಿಯ ಮರಿಮಗ; ಇನ್ನೊಬ್ಬನು ನೋಟರಿಯ ಚಿಕ್ಕಪ್ಪ ಆಂತ್ವಾನ್‌ನ ಕವಲಿನವನು. ಮಾವನವರ ಮಾತು ನಿಲ್ಲುವುದೂ ಬೀಳುವುದೂ ಈ ಒಂದು ಹಾಳೆಯ ಮೇಲೆಯೇ.

ದಾರಿ ತೋರಿಸಿದ್ದು ಅದೇ ಹಾಳೆಯಲ್ಲಿ ನಾನು ಮೂರು ಸಲ ಓದಿಯೂ ಗಮನಿಸದಿದ್ದ ಅರ್ಧ ಸಾಲು: ಮೂರನೇ ದರ್ಜೆಯ ರಕ್ತಸಂಬಂಧಕ್ಕೆ ವಿನಾಯಿತಿ ಕೊಡಲಾಗಿದೆ ಎಂದು ಪಾದ್ರಿಯು ಬರೆದಿದ್ದರು. ಆ ಕಾಲದ ಕ್ಯಾಥೊಲಿಕ್ ನಿಯಮದಂತೆ ನಾಲ್ಕನೇ ದರ್ಜೆಯವರೆಗಿನ ಸಂಬಂಧಿಕರು ಮದುವೆಯಾಗಬೇಕಿದ್ದರೆ ಚರ್ಚಿನ ಅನುಮತಿ ಬೇಕಿತ್ತು. ಒಡಹುಟ್ಟಿದವರ ಮಕ್ಕಳು ಪರಸ್ಪರ ಎರಡನೇ ದರ್ಜೆ, ಆ ಮಕ್ಕಳ ಮಕ್ಕಳು ಮೂರನೇ ದರ್ಜೆ, ಅವರ ಮಕ್ಕಳು ನಾಲ್ಕನೇ ದರ್ಜೆ. (ಸೋದರಮಾವನ ಮಗಳನ್ನು ತರುವುದು ಹಕ್ಕೆಂದೇ ತಿಳಿದಿರುವ ನಮ್ಮ ಕಡೆಯ ಪದ್ಧತಿಯನ್ನು ವಿವರಿಸಿದಾಗ ಅತ್ತೆಯವರು ಚಹಾದ ಕಪ್ಪನ್ನು ಕೆಳಗಿಟ್ಟು ನನ್ನನ್ನು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.) ಅಂದರೆ ಈ ವಧೂವರರಿಗೆ ಒಬ್ಬ ಮುತ್ತಜ್ಜ, ಒಬ್ಬಳು ಮುತ್ತಜ್ಜಿ ಸಮಾನವಾಗಿರಲೇಬೇಕು. ವಧುವಿನ ನಾಲ್ಕು ಜೋಡಿ ಮುತ್ತಜ್ಜ ಮುತ್ತಜ್ಜಿಯರನ್ನು ಒಂದು ಹಾಳೆಯಲ್ಲಿಯೂ ಇಬ್ಬರು ಜೋಸೆಫರ ನಾಲ್ಕು ನಾಲ್ಕು ಜೋಡಿಗಳನ್ನು ಇನ್ನೆರಡು ಹಾಳೆಗಳಲ್ಲಿಯೂ ಬರೆದು ಅಡುಗೆಮನೆಯ ಮೇಜಿನ ಮೇಲೆ ಹರಡಿದೆ. ನೋಟರಿಯ ಮರಿಮಗನ ಹಾಳೆಯಲ್ಲಿ ಒಂದು ಜೋಡಿಯೂ ತಾಳೆಯಾಗಲಿಲ್ಲ. ಇನ್ನೊಬ್ಬನ ಹಾಳೆಯಲ್ಲಿ ತಾಯಿಯ ತಾಯಿಯ ಕಡೆಯಿಂದ ಒಂದು ಜೋಡಿ ಸರಿಯಾಗಿ ಕೂಡಿತು. ಲೆಬ್ಲಾಂ ಯಾರೆಂದು ತೀರ್ಮಾನವಾದದ್ದು ಲೆಬ್ಲಾಂ ಅಲ್ಲದ ಒಬ್ಬ ಅಜ್ಜಿಯಿಂದ. ಆದರೂ ಪಾದ್ರಿಗಳು ಎಣಿಕೆಯಲ್ಲಿ ತಪ್ಪುವುದುಂಟು, ಮದುವೆಯಿಂದ ಬಂದ ನಂಟಸ್ತನಕ್ಕೂ ಇಂಥದೇ ವಿನಾಯಿತಿ ಇರುತ್ತಿತ್ತು; ಹಾಗಾಗಿ ಆ ದಂಪತಿಯ ಮಕ್ಕಳ ದೀಕ್ಷಾಸ್ನಾನಕ್ಕೆ ನಿಂತ ಜ್ಞಾನಪಿತ, ಜ್ಞಾನಮಾತೆಯರ ಹೆಸರುಗಳನ್ನೂ ತೆಗೆದು ನೋಡಿದೆ. ಅವರಲ್ಲಿ ಹೆಚ್ಚಿನವರು ಆಂತ್ವಾನ್‌ನ ಕವಲಿನವರೇ ಆಗಿದ್ದ ಮೇಲೆ ನನ್ನ ಸಂಶಯ ಉಳಿಯಲಿಲ್ಲ.

ಗಡೀಪಾರಿನ ಹಿಂದಿನ ಕಾಲಕ್ಕೆ ಹೋದಂತೆ ದಾಖಲೆಗಳೂ ಗಡೀಪಾರಾಗಿರುವುದು ತಿಳಿಯುತ್ತದೆ. ಇನ್ನೊಂದು ಹಳೆಯ ಅಕೇಡಿಯನ್ ಊರಾದ ಪೋರ್ಟ್ ರಾಯಲ್‌ನ ಚರ್ಚಿನ 1702ರಿಂದ 1755ರವರೆಗಿನ ಪುಸ್ತಕಗಳು ಹ್ಯಾಲಿಫ್ಯಾಕ್ಸಿನ ನೋವಾ ಸ್ಕೋಷಿಯಾ ದಾಖಲಾಲಯದಲ್ಲಿವೆ, ಮನೆಯಲ್ಲಿ ಕುಳಿತೇ ಅವುಗಳ ಚಿತ್ರಗಳನ್ನು ನೋಡಬಹುದು. ಗ್ರಾಂ ಪ್ರೇಯ ಪುಸ್ತಕಗಳನ್ನು ಮಾತ್ರ ದೇಶಭ್ರಷ್ಟರಾದ ಜನ ತಮ್ಮೊಂದಿಗೆ ಹೊತ್ತುಕೊಂಡು ಹೋದರು. ಉಳಿದ 1707ರಿಂದ 1748ರವರೆಗಿನ ಭಾಗ ಈಗ ಲೂಸಿಯಾನಾದ ಬ್ಯಾಟನ್ ರೂಜ್ ಧರ್ಮಪ್ರಾಂತ್ಯದಲ್ಲಿದೆ. ಕಾರಿನಲ್ಲಿ ಮೂರು ಗಂಟೆ ದೂರದ ಊರಿನ ವಿಷಯಕ್ಕೆ ನಾನು ಖಂಡದ ಇನ್ನೊಂದು ತುದಿಗೆ ಪತ್ರ ಬರೆಯಬೇಕಾಯಿತು.

ಅದಕ್ಕೂ ಹಿಂದೆ ಇರುವುದು ಜನಗಣತಿಗಳು. 1671ರಲ್ಲಿ ಲೋರಾಂ ಮೊಲಾಂ ಎಂಬ ಪಾದ್ರಿ ಮನೆಮನೆಗೆ ಹೋಗಿ ಸುಮಾರು 400 ಜನರನ್ನು, ಅವರ ದನಕುರಿ ಜಮೀನುಗಳನ್ನು ಬರೆದಿಟ್ಟ ಪಟ್ಟಿಯನ್ನು ಓದುವಾಗ ನಾನು ಹುಡುಕಾಟವನ್ನೇ ಮರೆತೆ. ಪೀಪಾಯಿ ಮಾಡುವ ಪಿಯೆರ್ ಲನೂ ತಾನು ಆರೋಗ್ಯವಾಗಿರುವುದಾಗಿಯೂ ವಯಸ್ಸು ಹೇಳಲು ಮನಸ್ಸಿಲ್ಲವೆಂದೂ ಹೇಳಿಕಳುಹಿಸಿದ. ದರ್ಜಿ ಪಿಯೆರ್ ಮೆಲಾಂಸಾಂನ ಹೆಂಡತಿ, ಇಂಥದಕ್ಕೆಲ್ಲ ಬೀದಿ ಅಲೆಯಲು ನಿಮಗೇನು ಹುಚ್ಚೇ ಎಂದು ಪಾದ್ರಿಯನ್ನೇ ಕೇಳಿದಳು. ಲೆಬ್ಲಾಂಗಳ ಮೂಲಪುರುಷ ದಾನಿಯೆಲ್, ಅವನ ಹೆಂಡತಿ ಫ್ರಾಂಸ್ವಾಜ್ ಗೋದೆ, ಮಗ ಆಂತ್ವಾನ್ ಸಿಗುವುದು ಇದೇ ಪಟ್ಟಿಯಲ್ಲಿ.

ಮನೆತನದ ನೆನಪನ್ನು ಎಷ್ಟು ನಂಬಬೇಕೆಂಬುದಕ್ಕೆ ನಾನು ಸದಾ ಮುಂದಿಟ್ಟುಕೊಳ್ಳುವುದು ಬೆಲ್ ಈಲ್ ದ್ವೀಪದ ಹೇಳಿಕೆಗಳನ್ನು. ಫ್ರಾನ್ಸಿನ ಆ ದ್ವೀಪದಲ್ಲಿ ನೆಲೆಗೊಂಡ ಅಕೇಡಿಯನ್ನರು 1767ರಲ್ಲಿ ಪ್ರಮಾಣ ಮಾಡಿ ತಮ್ಮ ವಂಶಾವಳಿಯನ್ನು ಬರೆಯಿಸಿದರು. ಅದರಲ್ಲಿ ಜ್ಯಾಂ ಬ್ಲಾಂಷಾರ್‌ನ ಹೆಂಡತಿಯನ್ನು ಗಿಯೆಮೆಟ್ ಲಾಂಬೇರ್ ಎಂದು ಹೇಳಲಾಗಿದೆ. 1671ರ ಪಟ್ಟಿಯಲ್ಲಿ ಆಕೆ ರಾಡೆಗೋಂಡ್ ಲಾಂಬೇರ್. ತವರು ನೆನಪಿನಲ್ಲಿ ಉಳಿದಿದೆ, ಹೆಸರು ಜಾರಿದೆ. ನಮ್ಮ ಮಾವನವರ ಕಥೆಯೂ ಇದೇ ಜಾತಿಯದು.

ಕೊನೆಗೆ ಎಲ್ಲವನ್ನೂ ಮಾಂಕ್ಟನ್ ವಿಶ್ವವಿದ್ಯಾಲಯದ ಅಕೇಡಿಯನ್ ಅಧ್ಯಯನ ಕೇಂದ್ರಕ್ಕೆ ಒಯ್ದು, ಸ್ಟೀಫನ್ ವೈಟ್ ಅವರು 1999ರಲ್ಲಿ ಹೊರತಂದ ಅಕೇಡಿಯನ್ ಕುಟುಂಬಗಳ ವಂಶಾವಳಿ ಕೋಶದೊಂದಿಗೆ ಹೋಲಿಸಿದೆ. ಅದು 1636ರಿಂದ 1714ರವರೆಗಿನದು. ಮೊದಲೇ ಅದನ್ನು ತೆರೆದಿದ್ದರೆ ದಾನಿಯೆಲ್ ಒಂದು ಗಂಟೆಯಲ್ಲಿ ಸಿಗುತ್ತಿದ್ದ. ಆದರೆ ನನ್ನ ಜೋಸೆಫ್ ಯಾರೆಂದು ಅದು ಹೇಳುತ್ತಿರಲಿಲ್ಲ.

ಮಾವನವರಿಗೆ ವಿಷಯ ತಿಳಿಸಿದ ಭಾನುವಾರ ಅವರು ಮೂರು ಹಾಳೆಗಳನ್ನೂ ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿದರು. ನೋಟರಿ ನಮ್ಮವನಲ್ಲವೇ ಎಂದು ಕೇಳಿದರು. ದಾಯಾದಿ ಎಂಬುದಕ್ಕೆ ಸರಿಯಾದ ಫ್ರೆಂಚ್ ಪದ ನನಗೆ ಹೊಳೆಯಲಿಲ್ಲ. ನೋಟರಿಯ ತಂದೆ ಆಂದ್ರೆಯೂ ನಿಮ್ಮ ಆಂತ್ವಾನನೂ ಅಣ್ಣತಮ್ಮಂದಿರು ಎಂದೆ. ಈಗ ಅವರು ಹಿರಿಯರ ಮುಂದೆ ಮೂರು ಹೆಸರಿಗೆ ನಿಲ್ಲಿಸುವುದಿಲ್ಲ, ‘ಆ ದಾನಿಯೆಲ್’ ಎನ್ನುವವರೆಗೂ ಹೋಗುತ್ತಾರೆ. ನಡುವೆ ಒಬ್ಬ ಪಿಯೆರ್ ಬಿಟ್ಟುಹೋದಾಗ ಮಾತ್ರ ನನ್ನ ಕಡೆ ನೋಡುತ್ತಾರೆ.